ಸೋಯಾಬೀನ್ ಕಾಂಡದಲ್ಲಿ ಕಪ್ಪು ಚುಕ್ಕಿ: ಬೆಳೆ ಒಣಗಿಸಿದ ಶಿಲೀಂಧ್ರ ಯಾವುದು? ಪತ್ತೆ ಹಚ್ಚುವುದು ಹೇಗೆ?

ನಿಫಾಡ್ (ನಾಸಿಕ್): ಆಗಸ್ಟ್ ಕೊನೆಯ ವಾರ. ಕಾಯಿ ತುಂಬುತ್ತಿರುವ ಸೋಯಾಬೀನ್ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಹಳದಿಯಾಗುತ್ತದೆ. ನಾಲ್ಕೈದು ದಿನಗಳಲ್ಲಿ ಎಲೆಗಳು ಬಾಡುತ್ತವೆ, ಆದರೆ ಉದುರದೆ ಗಿಡಕ್ಕೇ ಜೋತುಬೀಳುತ್ತವೆ. ಕಾಂಡದ ಬುಡದಲ್ಲಿ ಇದ್ದಿಲ ಪುಡಿ ಉದುರಿಸಿದಂತೆ ಕಪ್ಪು ಚುಕ್ಕಿಗಳು ಕಾಣುತ್ತವೆ. ರೈತರು ಗಿಡ ಕಿತ್ತುಕೊಂಡು ಕೃಷಿ ಪರಿಕರಗಳ ಅಂಗಡಿಗೆ ಹೋಗುತ್ತಾರೆ, ಅಂಗಡಿಯವರು ಒಂದು ಶಿಲೀಂಧ್ರನಾಶಕದ ಬಾಟಲಿ ಕೊಡುತ್ತಾರೆ. ಸಿಂಪಡಣೆ ಮುಗಿದು ವಾರ ಕಳೆದರೂ ಗಿಡ ಒಣಗುವುದು ನಿಲ್ಲುವುದಿಲ್ಲ.

ಔಷಧ ಕಳಪೆಯಾಗಿತ್ತು ಎಂದು ಬೈಯುವವರೇ ಹೆಚ್ಚು. ಆದರೆ ಬಹುತೇಕ ಸಂದರ್ಭಗಳಲ್ಲಿ ತಪ್ಪು ಇರುವುದು ರೋಗದ ಹೆಸರಿನಲ್ಲಿ. ಸೋಯಾಬೀನ್ ಕಾಂಡದ ಮೇಲೆ ಕಪ್ಪು ಚುಕ್ಕಿ ಮೂಡಿಸುವ ಶಿಲೀಂಧ್ರ ಒಂದೇ ಅಲ್ಲ. ಕನಿಷ್ಠ ಮೂರು ಶಿಲೀಂಧ್ರಗಳು ಬರಿಗಣ್ಣಿಗೆ ಒಂದೇ ಥರ ಕಾಣುವ ಚುಕ್ಕಿಗಳನ್ನು ಬಿಡುತ್ತವೆ. ಒಂದು ಮಣ್ಣಿನಿಂದ ಬರುತ್ತದೆ, ಇನ್ನೆರಡು ಮುಖ್ಯವಾಗಿ ಬೀಜ ಮತ್ತು ಹಳೆಯ ಬೆಳೆಯ ಕಡ್ಡಿಯಿಂದ ಬರುತ್ತವೆ. ಒಂದಕ್ಕೆ ಬಿಸಿಲು ಮತ್ತು ಒಣ ಮಣ್ಣು ಬೇಕು, ಉಳಿದೆರಡಕ್ಕೆ ಮಳೆ ಬೇಕು. ಹೀಗಾಗಿ ಒಂದಕ್ಕೆ ಹೇಳಿದ ಪರಿಹಾರ ಇನ್ನೊಂದಕ್ಕೆ ನಡೆಯುವುದಿಲ್ಲ.

ನಿಫಾಡ್‌ನಿಂದ ಬೀದರ್‌ವರೆಗೆ

ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕು ಎಂದರೆ ಹೊರಗಿನವರಿಗೆ ನೆನಪಾಗುವುದು ದ್ರಾಕ್ಷಿ ಮತ್ತು ಲಾಸಲಗಾಂವ್‌ನ ಈರುಳ್ಳಿ ಮಾರುಕಟ್ಟೆ. ಕೃಷಿ ವಿಜ್ಞಾನಿಗಳಿಗೆ ನೆನಪಾಗುವುದು ಗೋಧಿ. ರಾಹುರಿಯ ಮಹಾತ್ಮ ಫುಲೆ ಕೃಷಿ ವಿದ್ಯಾಪೀಠದ ಅಡಿಯಲ್ಲಿರುವ ಇಲ್ಲಿನ ಸಂಶೋಧನಾ ಕೇಂದ್ರ ಹೊರತಂದ ಗೋಧಿ ತಳಿಗಳ ಹೆಸರು 'ಎನ್‌ಐ' ಎಂದೇ ಶುರುವಾಗುತ್ತದೆ, ಅದು ನಿಫಾಡ್‌ನ ಗುರುತು. ಗೋಧಿಗೆ ಕಾಡುವ ಕಾಂಡದ ತುಕ್ಕು ರೋಗದ ಬೀಜಾಣುಗಳು ನೀಲಗಿರಿ ಮತ್ತು ಪಳನಿ ಬೆಟ್ಟಗಳಿಂದ ಗಾಳಿಯಲ್ಲಿ ಉತ್ತರಕ್ಕೆ ಸಾಗುತ್ತವೆ ಎಂಬುದನ್ನು ವಿಜ್ಞಾನಿಗಳು ಕಂಡುಕೊಂಡ ಮೇಲೆಯೇ ಮಧ್ಯ ಮತ್ತು ದಕ್ಷಿಣ ಭಾರತದ ತಳಿ ಅಭಿವೃದ್ಧಿಗೆ ಸ್ಪಷ್ಟ ದಿಕ್ಕು ಸಿಕ್ಕಿತು. ರೋಗ ತರುವ ಜೀವಿ ಯಾವುದು, ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಈ ನೆಲದಲ್ಲಿ ಹಳೆಯ ಮಹತ್ವವಿದೆ.

ಇಂದು ಅದೇ ಪ್ರಶ್ನೆ ಮುಂಗಾರಿನ ಸೋಯಾಬೀನ್‌ಗೆ ಬಂದಿದೆ. ನಿಫಾಡ್‌ನ ಗೋದಾವರಿ, ಕಡವಾ ನದಿ ಬಯಲಿನ ಕಪ್ಪು ಮಣ್ಣಿನಲ್ಲಿ ಸೋಯಾಬೀನ್ ಕೊಯ್ದು ಗೋಧಿ ಅಥವಾ ಈರುಳ್ಳಿ ಹಾಕುವವರಿದ್ದಾರೆ. ಪೂರ್ವಕ್ಕೆ ಹೋದಂತೆ ಮಳೆ ಕಡಿಮೆ. ಬರಕ್ಕೆ ಹೆಸರಾದ ಯೇವಲಾ ದಾಟಿದರೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ವೈಜಾಪುರ ಸಿಗುತ್ತದೆ. ಅಲ್ಲಿಂದ ಮರಾಠವಾಡ ಹಾದು ಲಾತೂರ್, ಧಾರಾಶಿವ ಮುಗಿದರೆ ಕರ್ನಾಟಕದ ಬೀದರ್. ಕಪ್ಪು ಮಣ್ಣು, ಸೋಯಾಬೀನ್ ನಂತರ ಕಡಲೆ ಅಥವಾ ಜೋಳ, ಮನೆಯಲ್ಲೇ ಉಳಿಸಿದ ಬೀಜ. ಗಡಿಯ ಎರಡೂ ಬದಿಯ ಹೊಲಗಳಲ್ಲಿ ಇವೆಲ್ಲ ಒಂದೇ ಆಗಿರುವುದರಿಂದ ರೋಗಗಳೂ ಒಂದೇ. ಬೆಳಗಾವಿ, ಧಾರವಾಡ, ಹಾವೇರಿ ಜಿಲ್ಲೆಗಳ ಸೋಯಾಬೀನ್ ಬೆಳೆಗಾರರಿಗೂ ಈ ಮಾಹಿತಿ ಅನ್ವಯಿಸುತ್ತದೆ.

ಮೊದಲು ಕಾಂಡ ಸೀಳಿ ನೋಡಿ

ಒಣಗಿದ ಗಿಡವೆಲ್ಲ ಶಿಲೀಂಧ್ರ ರೋಗದ್ದಲ್ಲ. ಪ್ರಯೋಗಾಲಯಕ್ಕೆ ಹೋಗುವ ಮುನ್ನ ಹೊಲದಲ್ಲೇ ಚಾಕುವಿನಿಂದ ಕಾಂಡವನ್ನು ಉದ್ದಕ್ಕೆ ಸೀಳಿ ನೋಡುವುದು ಅಗತ್ಯ. ಕಾಂಡದ ನಡುವಿನ ತಿರುಳಿನಲ್ಲಿ ಕೆಂಪು ಮಿಶ್ರಿತ ಕಂದು ಬಣ್ಣದ ಅಂಕುಡೊಂಕಾದ ಸುರಂಗ ಕಂಡರೆ, ಅದರಲ್ಲಿ ಸಣ್ಣ ಹುಳು ಅಥವಾ ಕೋಶ ಸಿಕ್ಕರೆ, ಅದು ಕಾಂಡದ ನೊಣದ ಕೆಲಸ. ಕಾಂಡ ಅಥವಾ ಎಲೆ ತೊಟ್ಟಿನ ಮೇಲೆ ಎರಡು ಉಂಗುರ ಕೊರೆದ ಗುರುತಿದ್ದು, ಅದರ ಮೇಲಿನ ಭಾಗ ಮಾತ್ರ ಬಾಡಿದ್ದರೆ ಗರ್ಡಲ್ ಬೀಟಲ್ ಎಂಬ ದುಂಬಿಯ ಹಾವಳಿ. ಎರಡಕ್ಕೂ ಶಿಲೀಂಧ್ರನಾಶಕ ಸಿಂಪಡಿಸಿ ಪ್ರಯೋಜನವಿಲ್ಲ.

ಗಿಡವನ್ನು ಎಳೆದು ಕೀಳಬಾರದು, ಸಲಿಕೆಯಿಂದ ಅಗೆದು ತೆಗೆಯಬೇಕು. ಎಳೆದರೆ ಕೊಳೆತ ಬೇರು ಮಣ್ಣಿನಲ್ಲೇ ಉಳಿಯುತ್ತದೆ, ಕೈಗೆ ಬರುವುದು ರೋಗದ ಅರ್ಧ ಕಥೆ ಮಾತ್ರ. ಹೊಲದ ತಗ್ಗಿನಲ್ಲಿ ನೀರು ನಿಂತು ಬೇರು ಉಸಿರುಗಟ್ಟಿದ ಗಿಡಗಳೂ ಹೀಗೆಯೇ ಹಳದಿಯಾಗುತ್ತವೆ. ಹಾಗಾಗಿ ರೋಗ ಎಲ್ಲಿದೆ, ತಗ್ಗಿನಲ್ಲೋ, ಬದುವಿನ ಬಳಿಯ ತೆಳು ಮಣ್ಣಿನಲ್ಲೋ, ಸಾಲು ಹಿಡಿದೋ, ಚದುರಿಯೋ ಎಂಬುದನ್ನೂ ಗಮನಿಸಬೇಕು.

ಇದ್ದಿಲು ಕೊಳೆ: ಚುಕ್ಕಿ ಸಿಪ್ಪೆಯ ಒಳಗೆ

ಕಪ್ಪು ಮಣ್ಣಿನ ಸೋಯಾಬೀನ್‌ನಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದ್ದಿಲು ಕೊಳೆ ರೋಗ. ಇದರ ಕಾರಣ ಮ್ಯಾಕ್ರೊಫೊಮಿನಾ ಫೇಸಿಯೊಲಿನಾ ಎಂಬ ಶಿಲೀಂಧ್ರ. ಕಾಂಡದ ಬುಡ ಮತ್ತು ತಾಯಿ ಬೇರಿನ ಹೊರ ಸಿಪ್ಪೆಯನ್ನು ಉಗುರಿನಿಂದ ಕೆರೆದರೆ ಒಳಗೆ ಬೂದು ಅಥವಾ ಬೆಳ್ಳಿ ಬಣ್ಣ ಕಾಣುತ್ತದೆ. ಆ ಬೂದು ಬಣ್ಣಕ್ಕೆ ಕಾರಣ ಅಂಗಾಂಶದೊಳಗೆ ಕಿಕ್ಕಿರಿದಿರುವ ಸೂಕ್ಷ್ಮ ಕಪ್ಪು ಕಣಗಳು. ಕಾಂಡ ಸೀಳಿದರೆ ತಿರುಳಿನಲ್ಲೂ ಮೆಣಸಿನ ಪುಡಿ ಚೆಲ್ಲಿದಂತೆ ಅವೇ ಕಣಗಳು. ಚುಕ್ಕಿಗಳಿಗೆ ಸಾಲಿಲ್ಲ, ಕ್ರಮವಿಲ್ಲ. ಮುಖ್ಯವಾಗಿ, ಅವು ಸಿಪ್ಪೆಯ ಮೇಲಲ್ಲ, ಒಳಗೆ ಇರುತ್ತವೆ. ಭೂತಗನ್ನಡಿ ಇದ್ದರೆ ಸಾಕು, ಈ ವ್ಯತ್ಯಾಸ ಹೊಲದಲ್ಲೇ ತಿಳಿಯುತ್ತದೆ.

ಈ ಕಣಗಳಿಗೆ ಮೈಕ್ರೊಸ್ಕ್ಲೆರೋಷಿಯಾ ಎನ್ನುತ್ತಾರೆ. ಶಿಲೀಂಧ್ರದ ಎಳೆಗಳು ಗಂಟು ಕಟ್ಟಿಕೊಂಡು ಗಟ್ಟಿ ಕವಚದೊಳಗೆ ನಿದ್ದೆ ಹೋಗುವ ರೂಪ ಇದು. ಬೆಳೆಯ ಕಸದ ಜತೆ ಮಣ್ಣಿಗೆ ಸೇರಿ ವರ್ಷಗಟ್ಟಲೆ ಬದುಕುತ್ತವೆ. ಮಣ್ಣು ಒಣಗಿ, ಬಿಸಿ ಏರಿ, ಗಿಡ ನೀರಿಲ್ಲದೆ ಬಳಲಿದಾಗ ಎಚ್ಚೆತ್ತು ಬೇರಿನೊಳಗೆ ನುಗ್ಗುತ್ತವೆ. ಸುಮಾರು 28ರಿಂದ 35 ಡಿಗ್ರಿ ಉಷ್ಣಾಂಶ ಈ ಶಿಲೀಂಧ್ರಕ್ಕೆ ಹಿತ. ಜೂನ್, ಜುಲೈಯಲ್ಲಿ ಚೆನ್ನಾಗಿ ಮಳೆ ಬಂದು ಆಗಸ್ಟ್‌ನಲ್ಲಿ ಮೂರು ವಾರ ಕೈಕೊಟ್ಟರೆ ಈ ರೋಗಕ್ಕೆ ಹೇಳಿ ಮಾಡಿಸಿದ ವರ್ಷ. ಗಿಡ ಮುಂಚೆಯೇ ಸೋಂಕು ಹೊತ್ತಿರುತ್ತದೆ, ಬರ ಅದನ್ನು ಬಯಲಿಗೆ ತರುತ್ತದೆ ಅಷ್ಟೇ.

ರೈತರಿಗೆ ಈ ಶಿಲೀಂಧ್ರ ಹೊಸದಲ್ಲ, ಹೆಸರು ಮಾತ್ರ ಬೇರೆ. ಹಿಂಗಾರಿ ಜೋಳದ ದಂಟು ಬುಡದಲ್ಲಿ ಟೊಳ್ಳಾಗಿ ಕಪ್ಪಾಗಿ ಮುರಿದು ಬೀಳುವುದು ಇದರಿಂದಲೇ. ಕಡಲೆಯ ಒಣ ಬೇರು ಕೊಳೆಯೂ ಇದರದ್ದೇ. ಕಡಲೆ ಪುಸ್ತಕಗಳಲ್ಲಿ ಇದನ್ನು ರೈಜೋಕ್ಟೋನಿಯಾ ಬಟಾಟಿಕೋಲಾ ಎಂದು ಬರೆದಿರುತ್ತದೆ. ಸಿಹಿ ಗೆಣಸಿನಲ್ಲಿ ಕಂಡಿದ್ದರಿಂದ ಬಂದ ಹಳೆಯ ಹೆಸರು ಅದು, ಜೀವಿ ಮಾತ್ರ ಒಂದೇ. ಈ ಶಿಲೀಂಧ್ರ 500ಕ್ಕೂ ಹೆಚ್ಚು ಸಸ್ಯಗಳ ಮೇಲೆ ಬದುಕಬಲ್ಲದು. ಸೂರ್ಯಕಾಂತಿ, ಎಳ್ಳು, ಹತ್ತಿ, ಮೆಕ್ಕೆಜೋಳ ಎಲ್ಲವೂ ಆ ಪಟ್ಟಿಯಲ್ಲಿವೆ. 'ಬೆಳೆ ಬದಲಿಸಿ' ಎಂಬ ಸಲಹೆ ಇಲ್ಲಿ ಬಿಕ್ಕಟ್ಟಿಗೆ ಸಿಲುಕುತ್ತದೆ. ಸೋಯಾಬೀನ್ ಬಿಟ್ಟು ಜೋಳ, ಅದು ಬಿಟ್ಟು ಕಡಲೆ ಎಂದರೆ ಶಿಲೀಂಧ್ರದ ದೃಷ್ಟಿಯಲ್ಲಿ ಬೆಳೆ ಬದಲಾಗಿಯೇ ಇಲ್ಲ.

ಕಡ್ಡಿ ಮತ್ತು ಕಾಯಿಯ ಚಿಬ್ಬು: ಚುಕ್ಕಿಯಲ್ಲಿ ಮುಳ್ಳು

ಎರಡನೆಯದು ಚಿಬ್ಬು ರೋಗ. ಸೋಯಾಬೀನ್‌ನಲ್ಲಿ ಇದನ್ನು ತರುವುದು ಕೊಲೆಟೊಟ್ರೈಕಮ್ ಟ್ರಂಕೇಟಮ್. ಕಾಂಡ, ಎಲೆ ತೊಟ್ಟು ಮತ್ತು ಕಾಯಿಗಳ ಮೇಲೆ ಆಕಾರವಿಲ್ಲದ ಕಂದು ಮಚ್ಚೆಗಳು ಮೂಡುತ್ತವೆ, ಅವುಗಳ ಮೇಲೆ ಕಪ್ಪು ಚುಕ್ಕಿಗಳು ಹರಡಿಕೊಳ್ಳುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಒಂದೊಂದು ಚುಕ್ಕಿಯಿಂದಲೂ ಕಪ್ಪು ಮುಳ್ಳುಗಳು ಎದ್ದು ನಿಂತಿರುತ್ತವೆ, ಗುಂಡುಸೂಜಿ ಚುಚ್ಚಿಟ್ಟ ದಿಂಬಿನ ಹಾಗೆ. ಇದ್ದಿಲು ಕೊಳೆಯ ಚುಕ್ಕಿಗೆ ಇಂಥ ಮುಳ್ಳಿಲ್ಲ. ಸೂಕ್ಷ್ಮದರ್ಶಕದಲ್ಲಿ ಇದರ ಬೀಜಾಣುಗಳು ಕುಡುಗೋಲಿನಂತೆ ಬಾಗಿ, ಒಂದೇ ಕೋಶದವಾಗಿ ಕಾಣುತ್ತವೆ.

ನಿಫಾಡ್‌ನ ದ್ರಾಕ್ಷಿ ತೋಟದವರಿಗೆ ಚಿಬ್ಬು ರೋಗ ಎಂಬ ಮಾತು ಚಿರಪರಿಚಿತ. ಆದರೆ ದ್ರಾಕ್ಷಿಯ ಚಿಬ್ಬು ತರುವ ಮುಖ್ಯ ಶಿಲೀಂಧ್ರ ಎಲ್ಸಿನೋಯಿ ಆಂಪೆಲಿನಾ ಎಂಬ ಬೇರೆಯೇ ಜೀವಿ. ಪಕ್ಕದ ದ್ರಾಕ್ಷಿಯಿಂದ ಸೋಯಾಬೀನ್‌ಗೆ ಅದು ಹಬ್ಬಿತೆಂದು ಹೆದರಬೇಕಿಲ್ಲ. ಸೋಯಾಬೀನ್‌ನ ಚಿಬ್ಬು ಬರುವುದು ಮುಖ್ಯವಾಗಿ ರೋಗ ಹೊತ್ತ ಬೀಜದಿಂದ ಮತ್ತು ಕಳೆದ ವರ್ಷದ ಕಡ್ಡಿಯಿಂದ.

ಈ ಶಿಲೀಂಧ್ರದ ಕಪಟ ಇರುವುದು ಅದರ ಮೌನದಲ್ಲಿ. ಗಿಡ ಎಳೆಯದಿರುವಾಗಲೇ ಒಳಗೆ ಸೇರಿಕೊಂಡು ಯಾವ ಲಕ್ಷಣವನ್ನೂ ತೋರದೆ ಇರುತ್ತದೆ. ಕಾಯಿ ಬಲಿಯುವ ಹೊತ್ತಿಗೆ ಮಳೆ ಹಿಡಿದರೆ ಒಮ್ಮೆಲೇ ಹೊರಬೀಳುತ್ತದೆ. ಪ್ರಯೋಗಾಲಯಗಳಲ್ಲಿ ಹಸಿರಾಗಿಯೇ ಇರುವ ಕಾಂಡದ ತುಂಡನ್ನು ಪ್ಯಾರಾಕ್ವಾಟ್ ಕಳೆನಾಶಕದ ದ್ರಾವಣದಲ್ಲಿ ಅದ್ದಿ, ತೇವದಲ್ಲಿ ಇಟ್ಟು ಈ ಅಡಗಿದ ಸೋಂಕನ್ನು ಪತ್ತೆ ಮಾಡುವ ಪದ್ಧತಿ ಇದೆ. ಅಂಗಾಂಶ ಬೇಗ ಸಾಯುವುದರಿಂದ ಒಳಗಿದ್ದ ಶಿಲೀಂಧ್ರ ಕೆಲವೇ ದಿನಗಳಲ್ಲಿ ಚುಕ್ಕಿ ಮೂಡಿಸುತ್ತದೆ. ಇದು ತಜ್ಞರ ಕೆಲಸ, ಹೊಲದಲ್ಲಿ ಮಾಡಿ ನೋಡುವಂಥದ್ದಲ್ಲ.

ಸಾಲು ಹಿಡಿದ ಚುಕ್ಕಿ

ಮೂರನೆಯದು ಕೊಯ್ಲಿನ ಹೊತ್ತಿಗೆ ಕಾಣುವ ಕಾಯಿ ಮತ್ತು ಕಾಂಡದ ಅಂಗಮಾರಿ. ಕಾರಣ ಡಯಾಪೋರ್ಥೆ ಗುಂಪಿನ ಶಿಲೀಂಧ್ರಗಳು. ಇಲ್ಲಿ ಚುಕ್ಕಿಗಳು ಕಾಂಡದ ಉದ್ದಕ್ಕೆ ಗೆರೆ ಎಳೆದಂತೆ ಸಾಲು ಸಾಲಾಗಿ ಇರುತ್ತವೆ. ಇಷ್ಟು ಸ್ಪಷ್ಟವಾದ ಹೊಲದ ಗುರುತು ಬೇರೆ ಯಾವ ಕಾಂಡ ರೋಗಕ್ಕೂ ಇಲ್ಲವೆನ್ನಬಹುದು. ಕಾಯಿಯ ಮೇಲೆ ಮಾತ್ರ ಸಾಲು ತಪ್ಪಿ ಚದುರಿರುತ್ತವೆ, ಹಾಗಾಗಿ ಕಾಯಿ ನೋಡಿ ತೀರ್ಮಾನಿಸಬಾರದು.

ಹಳೆಯ ಪುಸ್ತಕಗಳಲ್ಲಿ ಇದೇ ರೋಗಕ್ಕೆ ಫೋಮಾಪ್ಸಿಸ್ ಎಂಬ ಹೆಸರು ಸಿಗುತ್ತದೆ. ಶಿಲೀಂಧ್ರದ ಲೈಂಗಿಕ ರೂಪಕ್ಕೆ ಒಂದು ಹೆಸರು, ನಿರ್ಲಿಂಗ ರೂಪಕ್ಕೆ ಇನ್ನೊಂದು ಹೆಸರು ಇಡುವ ಪದ್ಧತಿ ಬಹುಕಾಲ ಇತ್ತು. 2011ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಸಸ್ಯವಿಜ್ಞಾನ ಸಮಾವೇಶ 'ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು' ಎಂದು ನಿಯಮ ಬದಲಿಸಿತು. ಆದರೂ ಸಲಹಾ ಕೈಪಿಡಿಗಳಲ್ಲಿ ಎರಡೂ ಹೆಸರು ಓಡಾಡುತ್ತಿವೆ. ಓದುವವರು ಎರಡು ರೋಗವೆಂದು ಗೊಂದಲಪಡಬೇಕಿಲ್ಲ.

ಬಿಳಿ ಬೂಜು, ಕೆಂಪು ಗಾಯ

ಬಿತ್ತಿದ ಮೂರು ನಾಲ್ಕು ವಾರದೊಳಗೆ ಸಸಿಗಳು ಸತ್ತರೆ ಮೇಲಿನ ಮೂರಕ್ಕಿಂತ ಬೇರೆ ಶಿಲೀಂಧ್ರಗಳ ಮೇಲೆ ಅನುಮಾನ ಹೆಚ್ಚು. ಮಣ್ಣಿನ ಮಟ್ಟದಲ್ಲಿ ಕಾಂಡಕ್ಕೆ ಹತ್ತಿಯಂಥ ಬಿಳಿ ಬೂಜು ಬೀಸಣಿಗೆಯ ಆಕಾರದಲ್ಲಿ ಹಬ್ಬಿ, ಅದರ ನಡುವೆ ಸಾಸಿವೆ ಕಾಳಿನಂಥ ಉಂಡೆಗಳು ಕಂಡರೆ ಅದು ಸ್ಕ್ಲೆರೋಷಿಯಂ ರಾಲ್ಫ್ಸಿ ತರುವ ಬುಡ ಕೊಳೆ. ಉಂಡೆಗಳು ಮೊದಲು ಬಿಳಿ, ಆಮೇಲೆ ಕಂದು. ಶೇಂಗಾ ಬೆಳೆಗಾರರು ಇದನ್ನು ನೋಡಿಯೇ ಇರುತ್ತಾರೆ. ಅಮೆರಿಕದ ಫ್ಲೋರಿಡಾದಲ್ಲಿ 1892ರಲ್ಲಿ ಟೊಮೆಟೊ ಗಿಡದಲ್ಲಿ ಇದನ್ನು ಗುರುತಿಸಿದ ಪೀಟರ್ ಹೆನ್ರಿ ರಾಲ್ಫ್ಸ್ ಅವರ ಹೆಸರೇ ಶಿಲೀಂಧ್ರಕ್ಕೆ ಉಳಿದಿದೆ. ಸರಿಯಾಗಿ ಕೊಳೆಯದ ಸಗಣಿ ಗೊಬ್ಬರ ಮತ್ತು ಹಸಿ ಕಸ ಇದಕ್ಕೆ ಮೊದಲ ಆಹಾರ. ಅಲ್ಲಿ ಬಲಿತು ಆಮೇಲೆ ಗಿಡಕ್ಕೆ ಹತ್ತುತ್ತದೆ. ಈರುಳ್ಳಿಯೂ ಇದಕ್ಕೆ ಆಶ್ರಯ ಕೊಡುವುದರಿಂದ ನಿಫಾಡ್ ಭಾಗದ ಸೋಯಾಬೀನ್, ಈರುಳ್ಳಿ ಸರದಿಯಲ್ಲಿ ಎಚ್ಚರ ಬೇಕು.

ಬೂಜಿಲ್ಲದೆ, ಮಣ್ಣಿನ ಮಟ್ಟದಲ್ಲಿ ಕೆಂಪು ಮಿಶ್ರಿತ ಕಂದು ಬಣ್ಣದ ತಗ್ಗಾದ ಗಾಯವಿದ್ದರೆ ರೈಜೋಕ್ಟೋನಿಯಾ ಸೊಲಾನಿ ಇರಬಹುದು. ಈ ಶಿಲೀಂಧ್ರ ಬೀಜಾಣುಗಳನ್ನು ಬಿಡದಿರುವುದರಿಂದ ಅದರ ಎಳೆಗಳನ್ನೇ ನೋಡಿ ಗುರುತಿಸಬೇಕು. ಎಳೆ ಹೆಚ್ಚು ಕಡಿಮೆ ಲಂಬಕೋನದಲ್ಲಿ ಕವಲೊಡೆದು, ಕವಲಿನ ಬುಡದಲ್ಲಿ ಸಣ್ಣಗೆ ಸೊಂಟ ಕಟ್ಟಿದಂತೆ ಇರುತ್ತದೆ. ಹೊರಗೆ ಏನೂ ಕಾಣದೆ, ಸೀಳಿದಾಗ ನೀರು ಸಾಗಿಸುವ ನಾಳಗಳು ಮಾತ್ರ ಕಂದಾಗಿದ್ದರೆ ಫ್ಯುಸೇರಿಯಂ ಸೊರಗು ರೋಗದ ಕಡೆ ಬೆರಳು ತೋರುತ್ತದೆ.

ವಿದೇಶಿ ಜಾಲತಾಣ ನೋಡಿ ರೋಗ ಹುಡುಕುವವರಿಗೆ ಸಿಗುವ ಇನ್ನೊಂದು ಹೆಸರು ಫೈಟೊಫ್ತೊರಾ. ಅಮೆರಿಕದ ಸೋಯಾಬೀನ್‌ನಲ್ಲಿ ಅದು ದೊಡ್ಡ ಕಾಂಡ ರೋಗ, ಭಾರತದ ಸೋಯಾಬೀನ್‌ನಲ್ಲಿ ಅದಕ್ಕೆ ಆ ಸ್ಥಾನವಿಲ್ಲ. ವಿಜ್ಞಾನದ ಲೆಕ್ಕದಲ್ಲಿ ಅದು ನಿಜವಾದ ಶಿಲೀಂಧ್ರವೂ ಅಲ್ಲ, ಪಾಚಿಗಳಿಗೆ ಹತ್ತಿರದ ಜೀವಿ. ಕಾರ್ಬೆಂಡಜಿಮ್‌ನಂಥ ಸಾಮಾನ್ಯ ಶಿಲೀಂಧ್ರನಾಶಕ ಅದರ ಮೇಲೆ ಕೆಲಸ ಮಾಡುವುದಿಲ್ಲ. ಕನ್ನಡಿಗರಿಗೆ ಅದರ ಪರಿಚಯ ಮಲೆನಾಡಿನ ಅಡಿಕೆಯಿಂದ ಇದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆ ಕೊಳೆ ರೋಗಕ್ಕೆ ಕಾರಣ ಫೈಟೊಫ್ತೊರಾ ಎಂದು ವಿವರಿಸಿದರು. ಬೋರ್ಡೊ ದ್ರಾವಣದ ಸಿಂಪಡಣೆ ಮಲೆನಾಡಿನಲ್ಲಿ ಬೇರೂರಿದ್ದು ಆ ಪತ್ತೆಯ ಬೆನ್ನಿಗೇ. 'ಕೊಳೆರೋಗ' ಎಂಬ ಕನ್ನಡ ಪದ ಸಸ್ಯರೋಗ ವಿಜ್ಞಾನದ ಇಂಗ್ಲಿಷ್ ಪುಸ್ತಕಗಳಿಗೂ ಹೋಯಿತು.

ಪ್ರಯೋಗಾಲಯದಲ್ಲಿ ಏನಾಗುತ್ತದೆ?

ಹೊಲದ ಗುರುತು ಅನುಮಾನ ಹುಟ್ಟಿಸುತ್ತದೆ, ಖಚಿತ ಮಾಡುವುದು ಪ್ರಯೋಗಾಲಯ. ಪೂರ್ತಿ ಸತ್ತ ಗಿಡದಿಂದ ಅಲ್ಲಿ ಹೆಚ್ಚು ಉಪಯೋಗವಿಲ್ಲ. ಸತ್ತ ಅಂಗಾಂಶದ ಮೇಲೆ ಆಲ್ಟರ್ನೇರಿಯಾ, ರೈಜೋಪಸ್, ಆಸ್ಪರ್ಜಿಲಸ್‌ನಂಥ ಕಸ ತಿನ್ನುವ ಶಿಲೀಂಧ್ರಗಳು ಆಗಲೇ ಮನೆ ಮಾಡಿರುತ್ತವೆ. ಈಗಷ್ಟೇ ಬಾಡುತ್ತಿರುವ, ಅರ್ಧ ಒಣಗಿದ, ಪೂರ್ತಿ ಒಣಗಿದ ಗಿಡಗಳನ್ನು ಬೇರಿನ ಸಮೇತ ತೆಗೆದು, ಹೋಲಿಕೆಗೆ ಒಂದು ಆರೋಗ್ಯವಂತ ಗಿಡವನ್ನೂ ಸೇರಿಸಿ ಒಯ್ಯುವುದು ಸರಿ. ಹಳೆಯ ಪತ್ರಿಕೆಯಲ್ಲಿ ಸುತ್ತಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವೆತು, ದಾರಿಯಲ್ಲೇ ಕೊಳೆತು ಮಾದರಿ ಹಾಳಾಗುತ್ತದೆ. ತಳಿ, ಬಿತ್ತಿದ ದಿನ, ಹಿಂದಿನ ಬೆಳೆ, ಮಳೆ ನಿಂತ ದಿನ, ಆಗಲೇ ಸಿಂಪಡಿಸಿದ ಔಷಧದ ಹೆಸರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಟ್ಟರೆ ಪರೀಕ್ಷಿಸುವವರಿಗೆ ಅರ್ಧ ಕೆಲಸ ಕಡಿಮೆ.

ಅಲ್ಲಿ ರೋಗದ ಭಾಗ ಮತ್ತು ಆರೋಗ್ಯವಂತ ಭಾಗ ಸೇರುವ ಅಂಚಿನಿಂದ ಮೂರರಿಂದ ಐದು ಮಿಲಿಮೀಟರ್‌ನ ತುಂಡುಗಳನ್ನು ಕತ್ತರಿಸುತ್ತಾರೆ. ಶೇ 1ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಸುಮಾರು ಒಂದು ನಿಮಿಷ ಅದ್ದಿ ಹೊರಮೈಯ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತಾರೆ. ಶುದ್ಧೀಕರಿಸಿದ ನೀರಿನಲ್ಲಿ ಮೂರು ಬಾರಿ ತೊಳೆದು ಆಲೂಗಡ್ಡೆ, ಡೆಕ್ಸ್‌ಟ್ರೋಸ್, ಅಗರ್ ಸೇರಿಸಿ ಮಾಡಿದ ಪಿಡಿಎ ಮಾಧ್ಯಮದ ಮೇಲೆ ಇಡುತ್ತಾರೆ. ಲೀಟರ್ ಮಾಧ್ಯಮಕ್ಕೆ 200 ಗ್ರಾಂ ಆಲೂಗಡ್ಡೆ ಬೇಯಿಸಿದ ರಸ, ತಲಾ 20 ಗ್ರಾಂ ಡೆಕ್ಸ್‌ಟ್ರೋಸ್ ಮತ್ತು ಅಗರ್. ಜಗತ್ತಿನ ದೊಡ್ಡ ಸಂಸ್ಥೆಯಿಂದ ಸಣ್ಣ ಕಾಲೇಜಿನವರೆಗೆ ಶಿಲೀಂಧ್ರಗಳ ಊಟ ಬಹುತೇಕ ಇದೇ.

ಮ್ಯಾಕ್ರೊಫೊಮಿನಾ ಇದ್ದರೆ ಮೂರ್ನಾಲ್ಕು ದಿನದಲ್ಲಿ ತಟ್ಟೆ ತುಂಬ ಬೂದು ಬಣ್ಣ ಹಬ್ಬಿ ಕಪ್ಪಾಗುತ್ತದೆ. ರಾಲ್ಫ್ಸಿ ಬಿಳಿ ಹತ್ತಿಯಾಗಿ ಬೆಳೆದು ಆಮೇಲೆ ಸಾಸಿವೆ ಉದುರಿಸುತ್ತದೆ. ಡಯಾಪೋರ್ಥೆಯ ಬೀಜಾಣುಗಳಲ್ಲಿ ಎರಡು ಬಗೆ: ಒಳಗೆ ಎಣ್ಣೆ ಹನಿಗಳಿರುವ ಅಂಡಾಕಾರದವು ಮತ್ತು ದಾರದಂತೆ ಬಾಗಿದವು. ಫ್ಯುಸೇರಿಯಂ ಬೀಜಾಣು ಕೂಡ ಬಾಗಿಯೇ ಇರುತ್ತದೆ, ಆದರೆ ಅಡ್ಡ ಗೋಡೆಗಳಿಂದ ಹಲವು ಕೋಶಗಳಾಗಿ ಭಾಗವಾಗಿರುತ್ತದೆ. ಕೊಲೆಟೊಟ್ರೈಕಮ್‌ನದ್ದಕ್ಕೆ ಆ ಗೋಡೆಗಳಿಲ್ಲ.

ಹೀಗೆ ತಟ್ಟೆಯಲ್ಲಿ ಬೆಳೆದದ್ದೇ ಅಪರಾಧಿ ಎಂದು ಬರೆದುಬಿಡುವಂತಿಲ್ಲ. 19ನೇ ಶತಮಾನದ ಕೊನೆಯಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಹೇಳಿದ ನಿಯಮ ಇಲ್ಲಿಯೂ ಅನ್ವಯ. ಪ್ರತ್ಯೇಕಿಸಿದ ಶಿಲೀಂಧ್ರವನ್ನು ಆರೋಗ್ಯವಂತ ಗಿಡಕ್ಕೆ ಸೇರಿಸಬೇಕು, ಅದೇ ರೋಗ ಬರಬೇಕು, ಆ ಗಿಡದಿಂದ ಮತ್ತೆ ಅದೇ ಶಿಲೀಂಧ್ರ ಸಿಗಬೇಕು. ಇದಕ್ಕಾಗಿ ಬೇಯಿಸಿದ ಜೋಳದ ಕಾಳಿನ ಮೇಲೆ ಶಿಲೀಂಧ್ರ ಬೆಳೆಸಿ ಕುಂಡದ ಮಣ್ಣಿಗೆ ಬೆರೆಸುತ್ತಾರೆ, ಇಲ್ಲವೇ ಶಿಲೀಂಧ್ರ ಹತ್ತಿಸಿದ ಹಲ್ಲುಕಡ್ಡಿಯನ್ನು ಕಾಂಡಕ್ಕೆ ಚುಚ್ಚುತ್ತಾರೆ. ವಾರಗಟ್ಟಲೆ ಹಿಡಿಯುವ ಈ ಹಂತವನ್ನು ಬಿಟ್ಟ ವರದಿಗಳನ್ನು ಪೂರ್ತಿ ನಂಬುವುದು ಕಷ್ಟ.

ಡಿಎನ್‌ಎ ಹೇಳುವುದೆಷ್ಟು?

ನೋಟದಿಂದ ಬಗೆಹರಿಯದಿದ್ದಾಗ ಡಿಎನ್‌ಎ ಪರೀಕ್ಷೆ ನೆರವಿಗೆ ಬರುತ್ತದೆ. ಶಿಲೀಂಧ್ರದ ಐಟಿಎಸ್ ಎಂಬ ಭಾಗವನ್ನು ಪಿಸಿಆರ್ ಮೂಲಕ ಹೆಚ್ಚಿಸಿ, ಅಕ್ಷರ ಕ್ರಮ ಓದಿ, ಜೀನ್‌ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರದೊಂದಿಗೆ ಹೋಲಿಸುತ್ತಾರೆ. ಇದಕ್ಕೆ ಬಳಸುವ ಪ್ರೈಮರ್‌ಗಳನ್ನು ಟಿ.ಜೆ. ವೈಟ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ್ದರು. 2012ರಲ್ಲಿ ಐಟಿಎಸ್ ಭಾಗವನ್ನೇ ಶಿಲೀಂಧ್ರಗಳ ಸಾರ್ವತ್ರಿಕ ಬಾರ್‌ಕೋಡ್ ಆಗಿ ಬಳಸಲು ಅಂತಾರಾಷ್ಟ್ರೀಯ ವಿಜ್ಞಾನಿಗಳ ತಂಡ ಪ್ರಸ್ತಾಪಿಸಿತು.

ಆದರೆ ಬಾರ್‌ಕೋಡ್ ಎಲ್ಲರಿಗೂ ಒಂದೇ ಥರ ಕೆಲಸ ಮಾಡುವುದಿಲ್ಲ. ಮ್ಯಾಕ್ರೊಫೊಮಿನಾ ಕುಲವನ್ನು ಗುರುತಿಸಲು ಐಟಿಎಸ್ ಸಾಕು. ಕೊಲೆಟೊಟ್ರೈಕಮ್, ಡಯಾಪೋರ್ಥೆ, ಫ್ಯುಸೇರಿಯಂಗಳಲ್ಲಿ ಹತ್ತಿರದ ಪ್ರಭೇದಗಳ ಐಟಿಎಸ್ ಬಹುತೇಕ ಒಂದೇ ಆಗಿರುವುದರಿಂದ ಟೆಫ್, ಆಕ್ಟಿನ್, ಬೀಟಾ ಟ್ಯೂಬುಲಿನ್‌ನಂಥ ಇನ್ನಷ್ಟು ಜೀನ್‌ಗಳನ್ನು ಓದಬೇಕಾಗುತ್ತದೆ. ಜೀನ್‌ಬ್ಯಾಂಕ್‌ನಲ್ಲಿ ತಪ್ಪು ಹೆಸರಿನಲ್ಲಿ ಸೇರಿರುವ ಮಾಹಿತಿಯೂ ಇದೆ. 'ಶೇ 99 ಹೋಲಿಕೆ' ಎಂಬ ಒಂದು ಸಾಲು ನೋಡಿ ಹೆಸರಿಡುವುದು ಅಪಾಯ. ನಾಸಿಕ್‌ಗೆ ಹತ್ತಿರದ ಪುಣೆಯ ಅಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿ ರಾಷ್ಟ್ರೀಯ ಶಿಲೀಂಧ್ರ ಸಂಗ್ರಹ ಕೇಂದ್ರವಿದೆ, ದೆಹಲಿಯ ಪೂಸಾದಲ್ಲೂ ಹಳೆಯ ಸಂಗ್ರಹವಿದೆ. ಹೆಸರು ಖಚಿತವಾದ ಜೀವಂತ ಮಾದರಿಗಳೊಂದಿಗೆ ಹೋಲಿಸುವ ಅವಕಾಶ ಇಂಥಲ್ಲಿ ಸಿಗುತ್ತದೆ. ಸೋಯಾಬೀನ್‌ಗೇ ಮೀಸಲಾದ ರಾಷ್ಟ್ರೀಯ ಸಂಸ್ಥೆ ಇಂದೋರ್‌ನಲ್ಲಿದೆ. ಸಾಮಾನ್ಯ ರೈತರಿಗೆ ಇಷ್ಟು ದೂರ ಹೋಗುವ ಅಗತ್ಯ ಬೀಳುವುದಿಲ್ಲ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಅಥವಾ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗ ವಿಭಾಗ ಮೊದಲ ಮೆಟ್ಟಿಲು. ಕರ್ನಾಟಕದಲ್ಲಿ ಧಾರವಾಡ ಮತ್ತು ರಾಯಚೂರು ಕೃಷಿ ವಿಶ್ವವಿದ್ಯಾಲಯಗಳಿವೆ, ಮರಾಠವಾಡಕ್ಕೆ ಪರಭಣಿಯ ವಸಂತರಾವ್ ನಾಯಕ್ ವಿದ್ಯಾಪೀಠವಿದೆ.

ಹೆಸರು ತಿಳಿದರೆ ಬದಲಾಗುವುದೇನು?

ಇದ್ದಿಲು ಕೊಳೆ ಎಂದು ಖಚಿತವಾದರೆ ಆ ಹಂಗಾಮಿನಲ್ಲಿ ಎಲೆಗೆ ಸಿಂಪಡಿಸುವ ಖರ್ಚು ಉಳಿಸಬಹುದು, ಏಕೆಂದರೆ ಶತ್ರು ಇರುವುದು ಬೇರಿನಲ್ಲಿ. ಹೂ, ಕಾಯಿಯ ಹಂತದಲ್ಲಿ ಮಳೆ ಕೈಕೊಟ್ಟಾಗ ಒಂದು ನೀರು ಹಾಯಿಸುವುದೇ ಆಗ ಹೆಚ್ಚು ಫಲ ಕೊಡುವ ಕ್ರಮ. ಮಹಾರಾಷ್ಟ್ರದಲ್ಲಿ ಪ್ರಚಾರದಲ್ಲಿರುವ ಅಗಲ ಏರುಮಡಿ, ಬೋದು ಬಿತ್ತನೆ ತೇವ ಉಳಿಸುತ್ತದೆ, ಹೆಚ್ಚಾದ ನೀರನ್ನು ಹೊರಹಾಕುತ್ತದೆ. ಒತ್ತೊತ್ತಾಗಿ ಬಿತ್ತಿದ ಹೊಲದಲ್ಲಿ ಗಿಡಗಳು ನೀರಿಗೆ ಪೈಪೋಟಿ ಮಾಡಿ ಬೇಗ ಬಳಲುತ್ತವೆ. ಮುಂದಿನ ವರ್ಷಕ್ಕೆ ಕಾರ್ಬಾಕ್ಸಿನ್ ಮತ್ತು ಥೈರಮ್ ಮಿಶ್ರಣದಿಂದ ಕೆ.ಜಿ. ಬೀಜಕ್ಕೆ 3 ಗ್ರಾಂನಂತೆ ಬೀಜೋಪಚಾರ, ಇಲ್ಲವೇ ಟ್ರೈಕೋಡರ್ಮಾ ಬಳಕೆ ಶಿಫಾರಸಿನಲ್ಲಿದೆ. ರಾಸಾಯನಿಕ ಉಪಚಾರ ಮೊದಲು, ರೈಜೋಬಿಯಂ ಕೊನೆಗೆ ಎಂಬ ಕ್ರಮ ತಪ್ಪಿದರೆ ಸಾರಜನಕ ಕೊಡುವ ಜೀವಾಣುಗಳೇ ಸಾಯುತ್ತವೆ.

ಬುಡ ಕೊಳೆಯಾಗಿದ್ದರೆ ಬೇಸಿಗೆಯ ಆಳ ಉಳುಮೆಯಿಂದ ಸಾಸಿವೆಯಂಥ ಗಂಟುಗಳನ್ನು ಆಳಕ್ಕೆ ಹೂಳುವುದು, ಪೂರ್ತಿ ಕೊಳೆತ ಗೊಬ್ಬರವನ್ನೇ ಹಾಕುವುದು ಮುಖ್ಯ. ಚಿಬ್ಬು ರೋಗವಾದರೆ ಮಾತ್ರ ಸಕಾಲದ ಸಿಂಪಡಣೆಗೆ ಅರ್ಥವಿದೆ. ಕಾಯಿ ಕಟ್ಟುವ ಹಂತದಲ್ಲಿ, ಮೊದಲ ಲಕ್ಷಣ ಕಂಡ ಕೂಡಲೇ ಟೆಬುಕೊನಜೋಲ್‌ನಂಥ ಶಿಫಾರಸಾದ ಔಷಧವನ್ನು ಲೇಬಲ್‌ನಲ್ಲಿ ಹೇಳಿದ ಪ್ರಮಾಣದಲ್ಲೇ ಬಳಸಬೇಕು. ಕಾಂಡ ಕಪ್ಪಾಗಿ ಕಾಯಿ ಒಣಗಿದ ಮೇಲೆ ಸಿಂಪಡಿಸಿದರೆ ದುಡ್ಡು ದಂಡ.

ತಳಿ ಆಯ್ಕೆಯಲ್ಲೂ ಒಂದು ಗೊಂದಲವಿದೆ. ಕೃಷ್ಣಾ ಕಣಿವೆಯ ಸಾಂಗ್ಲಿ, ಕೊಲ್ಹಾಪುರ, ಬೆಳಗಾವಿ ಭಾಗದಲ್ಲಿ ಸೋಯಾಬೀನ್‌ನ ದೊಡ್ಡ ತಲೆನೋವು ಎಲೆಯ ತುಕ್ಕು ರೋಗ. ಅದನ್ನು ತಾಳಿಕೊಳ್ಳುವ ಡಿಎಸ್‌ಬಿ 21 ತಳಿ ಧಾರವಾಡದಿಂದಲೂ, ಫುಲೆ ಸಂಗಮ್ ತಳಿ ಸಾಂಗ್ಲಿಯ ಕಸಬೆ ದಿಗ್ರಜ್ ಕೇಂದ್ರದಿಂದಲೂ ಬಂದಿವೆ. 'ರೋಗ ನಿರೋಧಕ' ಎಂಬ ಚೀಟಿ ನೋಡಿ ಇವು ಕಾಂಡ ಕೊಳೆಯನ್ನೂ ತಡೆಯುತ್ತವೆ ಎಂದುಕೊಂಡರೆ ನಿರಾಸೆ ಖಚಿತ. ತುಕ್ಕಿನ ಶಿಲೀಂಧ್ರವೇ ಬೇರೆ, ಅದನ್ನು ತಡೆಯುವ ಗುಣವೇ ಬೇರೆ. ಬೀಜ ಕೊಳ್ಳುವಾಗ ಯಾವ ರೋಗಕ್ಕೆ ನಿರೋಧಕ ಎಂದು ಕೇಳುವ ಹಕ್ಕು ರೈತರಿಗಿದೆ.

ಎಲ್ಲಕ್ಕಿಂತ ದೊಡ್ಡ ಲೆಕ್ಕ ಮನೆಯ ಬೀಜದ್ದು. ಸೋಯಾಬೀನ್ ಸ್ವಕೀಯ ಪರಾಗಸ್ಪರ್ಶದ ಬೆಳೆ, ಆದ್ದರಿಂದ ಉಳಿಸಿದ ಕಾಳನ್ನೇ ಮತ್ತೆ ಬಿತ್ತಬಹುದು. ಆದರೆ ಚಿಬ್ಬು, ಡಯಾಪೋರ್ಥೆ ಮತ್ತು ಇದ್ದಿಲು ಕೊಳೆ ಮೂರೂ ಬೀಜದ ಮೂಲಕ ದಾಟಬಲ್ಲವು. ಸುಕ್ಕುಗಟ್ಟಿ ಬಿರುಕು ಬಿಟ್ಟು ಸುಣ್ಣದಂಥ ಬೂಜು ಹತ್ತಿದ ಕಾಳು ಡಯಾಪೋರ್ಥೆಯದು. ಸಿಪ್ಪೆಯ ಬಿರುಕಿನಲ್ಲಿ ಕಪ್ಪು ಚುಕ್ಕಿ ಇದ್ದರೆ ಮ್ಯಾಕ್ರೊಫೊಮಿನಾ ಇರಬಹುದು. ನೇರಳೆ ಬಣ್ಣ ತಿರುಗಿದ ಕಾಳು ಸರ್ಕೋಸ್ಪೊರಾ ಎಂಬ ಇನ್ನೊಂದು ಶಿಲೀಂಧ್ರದ್ದು. ಸ್ವಚ್ಛವಾಗಿ ಕಾಣುವ ಕಾಳಿನೊಳಗೂ ಸೋಂಕು ಇರಬಹುದಾದ್ದರಿಂದ ಬೀಜ ಪರೀಕ್ಷಾಲಯಗಳು 400 ಕಾಳುಗಳನ್ನು ಒದ್ದೆ ಬ್ಲಾಟಿಂಗ್ ಕಾಗದದ ಮೇಲಿಟ್ಟು ಒಂದು ವಾರದ ನಂತರ ಯಾವ ಬೂಜು ಬಂದಿದೆ ಎಂದು ಎಣಿಸುತ್ತವೆ.

ರೋಗ ಕಂಡ ಹೊಲದ ಕಾಳನ್ನು ಬೀಜಕ್ಕೆ ಇಡುವ ಮುನ್ನ ಮನೆಯಲ್ಲೂ ಒಂದು ಪರೀಕ್ಷೆ ಸಾಧ್ಯ. ನೂರು ಕಾಳು ಎಣಿಸಿ ಒದ್ದೆ ಗೋಣಿ ತಾಟಿನಲ್ಲಿ ಸುತ್ತಿ, ತೇವ ಆರದಂತೆ ನೋಡಿಕೊಂಡರೆ ಆರೇಳು ದಿನದಲ್ಲಿ ಎಷ್ಟು ಮೊಳೆತವು, ಎಷ್ಟು ಕೊಳೆತವು ಎಂಬುದು ಗೊತ್ತಾಗುತ್ತದೆ. ಪ್ರಮಾಣಿತ ಸೋಯಾಬೀನ್ ಬೀಜಕ್ಕೆ ಕನಿಷ್ಠ ಶೇ 70 ಮೊಳಕೆ ಇರಬೇಕು. 70ಕ್ಕಿಂತ ಕಡಿಮೆ ಮೊಳೆತು, ಉಳಿದವು ಬೂಜು ಹಿಡಿದಿದ್ದರೆ ಆ ಚೀಲ ಎಣ್ಣೆ ಗಿರಣಿಗೆ ಹೋಗಬೇಕಾದದ್ದು, ಹೊಲಕ್ಕಲ್ಲ.